ಮಾಗಿಯಲ್ಲಿ ಮೀನು ತಡವಾಗಿ ಏಳುತ್ತೆ

ಮೊದಲ ಎರಡು ಚಳಿಗಾಲ ನಾನು ಮಾಡಿದ್ದು ಶುದ್ಧ ಪೆದ್ದು ಕೆಲಸ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಮಂಕಿ ಕ್ಯಾಪ್ ಏರಿಸಿ, ಮೀನು ಹಿಡಿಯೋಕೆ ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆ ಬೈಕ್ ಬಿಡುತ್ತಿದ್ದೆ. ಇರೋದು 15 ಕಿಲೋಮೀಟರ್ ಅಷ್ಟೆ. ಆದರೆ ಡಿಸೆಂಬರ್ ಕೊನೆಯ ಗದ್ದೆ ಬಯಲಿನ ಗಾಳಿ ಎರಡು ಸ್ವೆಟರ್ ದಾಟಿ ಒಳಗೆ ಬರುತ್ತಿತ್ತು. ದಾರಿಯ ಆಲೆಮನೆಯಲ್ಲಿ ಒಲೆ ಉರೀತಿದ್ದರೆ ನಿಂತು ಕೈ ಕಾಯಿಸಿಕೊಂಡು ಮುಂದೆ ಹೋಗುತ್ತಿದ್ದೆ. ಹೊಳೆ ಹತ್ತಿರ ಹೋದರೆ ಮಂಜು. ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ.

ಮಳೆಗಾಲದಲ್ಲಿ ನಸುಕಿನಲ್ಲೇ ಒಳ್ಳೆ ಮೀನು ಸಿಕ್ಕಿತ್ತು ನೋಡಿ, ಅದೇ ಲೆಕ್ಕ ತಲೆಯಲ್ಲಿ ಕೂತಿತ್ತು. ಒಂಬತ್ತು ಗಂಟೆವರೆಗೆ ಕೂತು, ಚಳಿಗೆ ಸೋತು, ಖಾಲಿ ಚೀಲ ಎತ್ತಿಕೊಂಡು ವಾಪಸ್. ಮೀನೇ ಇಲ್ಲ ಅಂತ ಬೈದುಕೊಂಡು ಬರುತ್ತಿದ್ದೆ.

ಒಂದಿನ ಹರಿಗೋಲು ಕವುಚಿ ಹಾಕಿ ಅದರ ಪಕ್ಕ ಬೀಡಿ ಸೇದುತ್ತಾ ಕೂತಿದ್ದ ಒಬ್ಬ ಅಜ್ಜ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಕೇಳೇಬಿಟ್ಟ. "ಏನ್ ಸಾ, ಇಷ್ಟೊತ್ಗೇ ಬಂದ್ಬುಟ್ಟಿದ್ದೀರಿ? ಮೀನಿನ್ನೂ ಎದ್ದೇ ಇಲ್ವಲ್ಲ."

"ಮತ್ತೆ ಯಾವಾಗ ಏಳುತ್ತೆ ತಾತ?"

"ಬಿಸ್ಲು ಆ ಕಲ್ ಮುಟ್ಲಿ." ನದಿ ನಡುವಿನ ಒಂದು ಕರಿ ಬಂಡೆ ತೋರಿಸಿದ. ಅಷ್ಟೇ ಹೇಳಿ ಮತ್ತೆ ಬೀಡಿಗೆ ಹೊರಳಿದ.

ಬಿಸಿಲು ಆ ಕಲ್ಲು ಮುಟ್ಟಿದ್ದು ಹತ್ತೂ ಕಾಲಿಗೆ. ನನ್ನ ಬೆಂಡು ಮೊದಲ ಸಲ ಅಲುಗಿದ್ದು ಹನ್ನೊಂದಕ್ಕೆ.

ಆಮೇಲೆ ನಾನು ಅಕ್ವೇರಿಯಂ ಅಂಗಡಿಯಿಂದ ಒಂದು ಗಾಜಿನ ಥರ್ಮಾಮೀಟರ್ ತಂದೆ. ದಾರಕ್ಕೆ ಕಟ್ಟಿ ನೀರಿಗೆ ಬಿಡೋದು, ಬರೆದಿಡೋದು. ಬೆಳಗ್ಗೆ ಏಳಕ್ಕೆ ದಡದ ನೀರು 21 ಡಿಗ್ರಿ. ಮಧ್ಯಾಹ್ನ ಒಂದಕ್ಕೆ ಅದೇ ಜಾಗ 25. ಆಳದ ಮಡುವಿನಲ್ಲಿ ಇಡೀ ದಿನ ಒಂದು ಡಿಗ್ರಿಯೂ ಸರಿಯಾಗಿ ಏರಲಿಲ್ಲ. ನಮಗೆ ನಾಲ್ಕು ಡಿಗ್ರಿ ಏನೂ ಅಲ್ಲ. ಮೀನಿಗೆ ಹಾಗಲ್ಲ. ಅದರ ಮೈ ಬಿಸಿ ಅಂದ್ರೆ ನೀರಿನ ಬಿಸಿಯೇ. ನೀರು ತಣ್ಣಗಾದರೆ ಅರಗೋದು ನಿಧಾನ, ಹಸಿವೂ ಕಮ್ಮಿ. ಅದಕ್ಕೇ ಬೆಳಗ್ಗೆ ಮಡುವಿನ ತಳದಲ್ಲಿ ಸುಮ್ನೆ ನಿಂತಿರುತ್ತೆ. ಕಲ್ಲು ಕಾದು, ಕಲ್ಲಿನ ಪಕ್ಕದ ತೆಳು ನೀರು ಬೆಚ್ಚಗಾದ ಮೇಲೆ ಮೇಯೋಕೆ ಅಲ್ಲಿಗೆ ಬರುತ್ತೆ. ಆಫ್ರಿಕಾದಿಂದ ಬಂದ ಜಿಲೇಬಿ ಮೀನಿಗೆ, ಅಂದ್ರೆ ತಿಲಾಪಿಯಾಗೆ, ಚಳಿ ಇನ್ನೂ ಆಗಿಬರಲ್ಲ. ಮುಂಗಾರಿನಲ್ಲಿ ಬೇಡ ಅಂದ್ರೂ ಗಾಳಕ್ಕೆ ಬೀಳೋ ಈ ಮೀನು ಮಾಗಿಯಲ್ಲಿ ನನಗೆ ಬೆರಳೆಣಿಕೆಯಷ್ಟೇ ಸಿಕ್ಕಿದೆ.

ಈಗ ನಾನು ಮನೆ ಬಿಡೋದು ಇಡ್ಲಿ ತಿಂದು, ಒಂಬತ್ತಕ್ಕೆ. ಮಡು ಮುಗಿದು ಕಲ್ಲು ಶುರುವಾಗೋ ಅಂಚಿನಲ್ಲಿ ಕೂರುತ್ತೇನೆ. ಬಿಸಿಲು ಮುಖಕ್ಕೆ ಬೀಳೋ ಹಾಗೆ. ಬೆನ್ನಿಗೆ ಬಿಸಿಲು ಹಿತ, ನಿಜ. ಆದರೆ ಮಳೆಗಾಲದ ಕೆಂಪು ನೀರು ಈಗ ತಿಳಿಯಾಗಿರುತ್ತೆ. ನಮ್ಮ ನೆರಳು ನೀರಿಗೆ ಬಿದ್ದರೆ ಮೀನು ಅಲ್ಲಿ ನಿಲ್ಲಲ್ಲ. ತಂಗೂಸಿ, ಅಂದ್ರೆ ಗಾಳದ ನೈಲಾನ್ ದಾರವೂ ಅಷ್ಟೆ, ದಪ್ಪ ಇದ್ದರೆ ಕಾಣುತ್ತೆ. ತೆಳುವಿನದೇ ಹಾಕಿ, ಗಾಳವೂ ಚಿಕ್ಕದು, 10ನೇ ನಂಬರಿನದು ಸಾಕು.

ತೆಳು ದಾರ ಹಾಕಿದ್ದಾಗಲೇ ನನಗೊಂದು ಮೀನು ತಪ್ಪಿತು. ಎರಡನೇ ವರ್ಷ, ಜನವರಿ. ಬೆರಳು ಮರಗಟ್ಟಿತ್ತು, ಆ ಚಳಿಯಲ್ಲೇ ಗಾಳ ಕಟ್ಟಿದೆ. ಅಪರೂಪಕ್ಕೆ ದೊಡ್ಡದೊಂದು ಹಿಡಿಯಿತು. ಬಿದಿರು ಕಡ್ಡಿ ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಒಂದೇ ಸಲ ಹಗುರ. ದಾರ ಹರೀತು ಅಂದುಕೊಂಡು ತುದಿ ನೋಡಿದೆ. ಅದು ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. ಅಂದ್ರೆ ದಾರ ಹರಿದಿರಲಿಲ್ಲ, ಗಂಟು ಜಾರಿತ್ತು. ಹರಿದಿದ್ದರೆ ತುದಿ ಹೀಗೆ ಸುರುಳಿಯಾಗೋದಿಲ್ಲ. ಅಂಗಡಿಯವನನ್ನು ಬೈಯೋಕೆ ಬಾಯಿ ತೆರೆದವನು ಮುಚ್ಚಿಕೊಂಡೆ. ಈಗ ಹಿಂದಿನ ರಾತ್ರಿಯೇ ಟೀವಿ ಮುಂದೆ ಕೂತು ಆರು ಗಾಳ ಕಟ್ಟಿ ರಟ್ಟಿಗೆ ಸುತ್ತಿಟ್ಟುಕೊಳ್ಳುತ್ತೇನೆ. ಗಂಟು ಬಿಗಿಯೋ ಮುಂಚೆ ಎಂಜಲು ಹಚ್ಚಬೇಕು. ಒಣ ತಂಗೂಸಿಯನ್ನು ಹಾಗೇ ಎಳೆದರೆ ಉಜ್ಜಿದ ಬಿಸಿಗೆ ಅಲ್ಲೇ ಸೊರಗುತ್ತೆ.

ಮೇವಿಗೆ ರಾಗಿ. ಎರೆಹುಳ ಹಾಕಿದರೆ ಪಕ್ಕೆ ಅನ್ನೋ ಸಣ್ಣ ಮೀನಿನ ಮರಿಗಳೇ ಕಿತ್ತು ತಿಂದು ತಲೆ ಕೆಡಿಸುತ್ತವೆ. ರಾಗಿ ಹಿಟ್ಟಿಗೆ ಅರ್ಧದಷ್ಟು ಕಡ್ಲೆಕಾಯಿ ಹಿಂಡಿ, ಚೂರು ಬೆಲ್ಲ, ಬಿಸಿನೀರು. ಮುದ್ದೆಗಿಂತ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಹತ್ತು ನಿಮಿಷ ಬೇಯಿಸಿ, ಮತ್ತೆ ನಾದಬೇಕು. ಎರಡು ಎಳೆ ಹತ್ತಿ ಸೇರಿಸಿದರೆ ನೀರಿನಲ್ಲಿ ಬಿಟ್ಟುಕೊಳ್ಳಲ್ಲ. ಬೇರೆ ಕಾಲದಲ್ಲಿ ನಿಂಬೆಹಣ್ಣಿನ ಗಾತ್ರ ಹಾಕಿದರೂ ನಡೆಯುತ್ತೆ. ಚಳಿಯಲ್ಲಿ ಕಡಲೆಕಾಳಿನಷ್ಟು ಮಾತ್ರ. ಹಸಿವಿಲ್ಲದವನಿಗೆ ತುತ್ತು ಚಿಕ್ಕದಿರಬೇಕು ಅಲ್ವಾ? ಮೀನು ಹತ್ತಿರ ಬರಲಿ ಅಂತ ನೀರಿಗೆ ತೌಡು ಎರಚೋದೂ ಒಂದೇ ಹಿಡಿ. ಜಾಸ್ತಿ ಎರಚಿದರೆ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ.

ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದವರೂ ಈ ರಾಗಿ ಉಂಡೆಯನ್ನೇ ನಂಬಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ಇತ್ತು, ಅಂದ್ರೆ 54 ಕೆಜಿ. ಆ ಜಾತಿ ಈಗ ಅಳಿವಿನ ಅಂಚಿಗೆ ಬಂದು ನಿಂತಿದೆ. ಮರಿ ಸಿಕ್ಕರೂ ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡಿ. ರಂಗನತಿಟ್ಟಿನ ಆಸುಪಾಸಿನಲ್ಲಂತೂ ಗಾಳ ಹೊರಗೆ ತೆಗೆಯಲೇಬೇಡಿ, ಅದು ಪಕ್ಷಿಧಾಮ. ಬೇರೆ ಕಡೆಯೂ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಕೂರೋದು ಒಳ್ಳೇದು.

ಇನ್ನು ಬೆಂಡಿನ ವಿಷಯ. ನಾನು ಕಲಿಯೋಕೆ ಜಾಸ್ತಿ ದಿನ ಹಿಡಿದಿದ್ದು ಇದೇ. ಬೆಂಡು ಮುಳುಗಿದಾಗ ಎಳೀಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮಾಗಿಯಲ್ಲಿ ಗೆಂಡೆ ಮೀನು ಬೆಂಡನ್ನು ಮುಳುಗಿಸೋದೇ ಅಪರೂಪ. ಅದು ತಳದಲ್ಲಿ ತಲೆ ಕೆಳಗೆ ಮಾಡಿ ಉಂಡೆಯನ್ನು ಹೀರಿಕೊಂಡು, ಮೈ ನೆಟ್ಟಗೆ ಮಾಡಿಕೊಳ್ಳುತ್ತೆ, ಅಷ್ಟೆ. ಓಡಲ್ಲ. ಇಷ್ಟವಾಗದಿದ್ದರೆ ಉಗುಳುತ್ತೆ. ಹಾಗಾಗಿ ಸೀಸದ ಗುಂಡನ್ನು ಗಾಳಕ್ಕೆ ನಾಲ್ಕು ಬೆರಳು ದೂರದಲ್ಲಿ, ತಳಕ್ಕೆ ಕೂರೋ ಹಾಗೆ ಕಟ್ಟುತ್ತೇನೆ. ಮೀನು ಉಂಡೆ ಎತ್ತಿದರೆ ಗುಂಡೂ ಮೇಲೇಳಬೇಕು. ಗುಂಡಿನ ಭಾರ ಹೋದ ಬೆಂಡು ಮುಳುಗೋ ಬದಲು ಮೇಲಕ್ಕೆ ಬರುತ್ತೆ. ಮೊದಲು ಸಣ್ಣ ನಡುಕ. ಆಮೇಲೆ ನೀರಿನಿಂದ ಅರ್ಧ ಬೆರಳು ಎದ್ದು ನಿಂತು ಮೆಲ್ಲಗೆ ಮಗ್ಗುಲಾಗುತ್ತೆ. ಮಗ್ಗುಲಾಗೋ ಮುಂಚೆಯೇ ಮಣಿಕಟ್ಟು ತಿರುಗಿಸಬೇಕು. ಎಷ್ಟು ಸಲ ನಾನು ಅದನ್ನು ಗಾಳಿ ಅಂದುಕೊಂಡು ನೋಡುತ್ತಾ ಕೂತಿದ್ದೆನೋ.

ಒಂದು ಎಚ್ಚರಿಕೆ. ಮೀನಿನ ಹಾಗೇ ಮೊಸಳೆಗೂ ಚಳಿಯಲ್ಲಿ ಬಿಸಿಲು ಬೇಕು. ಅದು ಬಂಡೆ ಏರೋದೂ ಅದೇ ಹೊತ್ತಿಗೆ. ಕೂರೋ ಮುಂಚೆ ಆಚೆ ಈಚೆ ಬಂಡೆಗಳನ್ನೆಲ್ಲ ಒಂದು ಸುತ್ತು ನೋಡುತ್ತೇನೆ. ನೀರಿನಲ್ಲಿ ಕಾಲು ಇಳಿಬಿಟ್ಟು ಕೂರಲ್ಲ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ಏರುತ್ತೆ, ಅದಕ್ಕೆ ದಡದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಇಟ್ಟಿರುತ್ತೇನೆ.

ಹೋದ ಮಾಗಿಯ ಒಂದು ಭಾನುವಾರ ಹನ್ನೊಂದೂವರೆಯಿಂದ ಎರಡೂವರೆಯೊಳಗೆ ಮೂರು ಗೆಂಡೆ ಬಿದ್ದವು. ದೊಡ್ಡದು ಒಂದೂಕಾಲು ಕೆಜಿ. ಮೂರಕ್ಕೆ ಮರದ ನೆರಳು ನೀರಿಗೆ ಬಿತ್ತು. ಬೆಂಡು ಮತ್ತೆ ಅಲುಗಲಿಲ್ಲ. ಅಜ್ಜನಿಗೆ ಒಂದು ಮೀನು ಕೊಡೋಣ ಅಂತ ಹೋದೆ. ತೂಗೋ ಹಾಗೆ ಕೈಯಲ್ಲಿ ಎತ್ತಿ ಹಿಡಿದು, "ಉಳೀಗೆ ಚೆನ್ನಾಗಿರ್ತದೆ" ಅಂದ.

ಧನುರ್ಮಾಸ, ಅಮ್ಮ ಅಡುಗೆಮನೆಗೆ ಮೀನು ಸೇರಿಸಲ್ಲ. ಹಿತ್ತಲಲ್ಲಿ ಬೇರೆ ಪಾತ್ರೆ, ಮೂರು ಕಲ್ಲಿನ ಒಲೆ, ಒಂದು ಹಿಡಿ ಹುಣಸೆಹಣ್ಣು ಆಗಲೇ ಇಟ್ಟಿದ್ದರು.