ಒಂದು ಟಾಯ್ಲೆಟ್ ಸಾಕಾ, ಎರಡು ಬೇಕಾ? ಲೆಕ್ಕ ಹಾಕುವುದು ಹೀಗೆ

ಅಮೆರಿಕದಲ್ಲಿ 6,000 ಚದರ ಅಡಿಯ ಬಟ್ಟೆ ಅಂಗಡಿಗೆ ಒಂದೇ ಟಾಯ್ಲೆಟ್ ಸಾಕಾಗಬಹುದು. ಅದರ ಹತ್ತರಲ್ಲಿ ಒಂದು ಪಾಲಿನಷ್ಟಿರುವ ರೆಸ್ಟೋರೆಂಟ್ ಹಾಲಿಗೆ ಎರಡು ಬೇಕಾಗುತ್ತವೆ. ವಿಚಿತ್ರ ಅಲ್ವಾ? ಕೋಡ್, ಅಂದರೆ ಕಟ್ಟಡದ ನಿಯಮಾವಳಿ, ನೋಡುವುದು ಜಾಗ ಎಷ್ಟಿದೆ ಅಂತಲ್ಲ, ಆ ಜಾಗದಲ್ಲಿ ಎಷ್ಟು ಜನ ಸೇರಬಹುದು ಅಂತ. ಹಾಗಾಗಿ ಲೀಸ್‌ಗೆ ಸಹಿ ಹಾಕುವ ಮೊದಲೇ ಈ ಲೆಕ್ಕ ಮುಗಿಸಿಕೊಳ್ಳಿ. ಆಮೇಲೆ ಗೊತ್ತಾದರೆ ಕಾಂಕ್ರೀಟ್ ನೆಲ ಒಡೆದು ಪೈಪ್ ಹಾಕಿಸಬೇಕು. ಒಂದೆರಡು ಮೇಜಿನ ಜಾಗವೂ ಹೋಗುತ್ತದೆ.

ಮೊದಲು, ಯಾವ ಕೋಡ್ ಅಂತ ಕೇಳಿ

ಇಡೀ ದೇಶಕ್ಕೆ ಒಂದೇ ಕೋಡ್ ಇಲ್ಲ. ಹಲವು ರಾಜ್ಯಗಳು ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಬಳಸುತ್ತವೆ. ಕ್ಯಾಲಿಫೋರ್ನಿಯಾದಂಥವು ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಹಿಡಿದಿವೆ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಆದರೆ ನಿಮ್ಮ ಊರು ಹಳೆಯದರಲ್ಲೇ ಇರಬಹುದು. ಊರಿನ ಕಟ್ಟಡ ಇಲಾಖೆಗೆ ಫೋನ್ ಮಾಡಿ, ಯಾವ ಕೋಡ್, ಯಾವ ವರ್ಷದ್ದು ಅಂತ ಕೇಳಿ. ಇಲ್ಲಿ ಕೊಟ್ಟ ಅಂಕಿಗಳು ಇಂಟರ್‌ನ್ಯಾಷನಲ್ ಕೋಡ್‌ನ 2018ರ ಆವೃತ್ತಿಯವು.

ಈಗ ತಲೆ ಎಣಿಸಿ

ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ವಿಸ್ತೀರ್ಣವನ್ನು ಒಂದು ಅಂಕಿಯಿಂದ ಭಾಗಿಸಿ ಬಂದದ್ದೇ ತಲೆ ಲೆಕ್ಕ. ಇದಕ್ಕೆ ಆಕ್ಯುಪೆಂಟ್ ಲೋಡ್ ಅನ್ನುತ್ತಾರೆ. ಆಫೀಸಿಗೆ 150 ಚದರ ಅಡಿಗೆ ಒಬ್ಬರು. ಅಂಗಡಿಗೆ 60ಕ್ಕೆ ಒಬ್ಬರು. ಮೇಜು ಕುರ್ಚಿ ಹಾಕಿದ ಊಟದ ಹಾಲಿಗೆ 15ಕ್ಕೆ ಒಬ್ಬರು, ಅಡುಗೆಮನೆಗೆ 200ಕ್ಕೆ ಒಬ್ಬರು.

ಬಟ್ಟೆ ಅಂಗಡಿಯ 6,000 ಅಡಿಯನ್ನು 60ರಿಂದ ಭಾಗಿಸಿದರೆ 100 ಜನ. ರೆಸ್ಟೋರೆಂಟಿನಲ್ಲಿ 600 ಅಡಿಯ ಹಾಲಿಗೆ 40 ಜನ, 400 ಅಡಿಯ ಅಡುಗೆಮನೆಗೆ 2, ಒಟ್ಟು 42.

ವಿನಾಯಿತಿ ಸಿಗುತ್ತದಾ ನೋಡಿ

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಇರಬೇಕು ಅನ್ನುವುದು ಮೂಲ ನಿಯಮ. ಇದು ಹಳೆಯ ಕಥೆ. ಹೆಂಗಸರಿಗೆ ಪ್ರತ್ಯೇಕ ಟಾಯ್ಲೆಟ್ ಇರಲೇಬೇಕು ಅಂತ ಮ್ಯಾಸಚೂಸೆಟ್ಸ್ 1887ರಲ್ಲೇ ಕಾನೂನು ಮಾಡಿತ್ತು. ಆದರೆ ಗಿರಾಕಿ, ಕೆಲಸಗಾರ ಎಲ್ಲ ಸೇರಿ 15 ಜನ ಮೀರದಿದ್ದರೆ ಒಂದೇ ಸಾಕು. ಅಂಗಡಿಗೆ ಈ ಮಿತಿ 100. ಆಫೀಸಿಗೆ 25.

ಆವೃತ್ತಿ ಕೇಳಿಕೊಳ್ಳಿ ಅಂದದ್ದು ಸುಮ್ನೆ ಅಲ್ಲ. 3,000 ಅಡಿಯ ಆಫೀಸು ತೆಗೆದುಕೊಳ್ಳಿ. 2018ರ ಪ್ರಕಾರ 20 ಜನ, ಒಂದೇ ಟಾಯ್ಲೆಟ್ ನಡೆಯುತ್ತದೆ. 2015ರ ಕೋಡ್‌ನಲ್ಲಿ 100 ಅಡಿಗೆ ಒಬ್ಬರು ಅಂತಿತ್ತು, ಆಫೀಸಿಗೆ 25ರ ವಿನಾಯಿತಿಯೂ ಇರಲಿಲ್ಲ. ಅದೇ ಕೋಣೆ ಆಗ 30 ಜನರದ್ದು, ಎರಡು ಬೇಕು.

ಕಮೋಡ್ ಎಷ್ಟು?

ತಲೆ ಲೆಕ್ಕವನ್ನು ಅರ್ಧರ್ಧ ಮಾಡಿ. 12,000 ಅಡಿಯ ಆಫೀಸಿಗೆ 80 ಜನ, ಅಂದರೆ 40 ಗಂಡಸರು, 40 ಹೆಂಗಸರು. ಮೊದಲ 50 ಜನರವರೆಗೆ 25ಕ್ಕೊಂದು ಕಮೋಡ್. 40ಕ್ಕೆ 1.6 ಬರುತ್ತದೆ, ಮೇಲಕ್ಕೆ ಏರಿಸಿ 2. ಎರಡೂ ಕಡೆ ಎರಡೆರಡು. ಗಂಡಸರ ಕಡೆ ಅರ್ಧದವರೆಗೆ ಕಮೋಡ್ ಬದಲು ಯೂರಿನಲ್ ಹಾಕಬಹುದು. ವಾಶ್‌ಬೇಸಿನ್ 40 ಜನಕ್ಕೊಂದು.

ನಮ್ಮ ರೆಸ್ಟೋರೆಂಟಿಗೆ ಎರಡೂ ಕಡೆ 21 ಜನ. ಅಲ್ಲಿ 75ಕ್ಕೊಂದು ಕಮೋಡ್, ಹಾಗಾಗಿ ಒಂದೊಂದು. ಹೀಗೆ ಒಂದೊಂದೇ ಬಂದಾಗ ‘ಗಂಡಸರು’, ‘ಹೆಂಗಸರು’ ಅಂತ ಬೋರ್ಡ್ ಹಾಕುವ ಬದಲು ಇಬ್ಬರೂ ಬಳಸಬಹುದಾದ ಎರಡು ಒಂಟಿ ಕೋಣೆ ಕಟ್ಟಲು ಅವಕಾಶವಿದೆ. ನನ್ನನ್ನು ಕೇಳಿದರೆ ಇದೇ ಜಾಣತನ. ಒಂದು ಬಾಗಿಲ ಮುಂದೆ ಸಾಲು, ಪಕ್ಕದ್ದು ಖಾಲಿ ಅನ್ನುವ ಪೇಚು ತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 2017ರ ಮಾರ್ಚ್ 1ರಿಂದ ಒಂಟಿ ಟಾಯ್ಲೆಟ್‌ಗಳಿಗೆ ಎಲ್ಲರಿಗೂ ಅನ್ವಯಿಸುವ ಬೋರ್ಡೇ ಹಾಕಬೇಕು.

ಕೆಲಸಗಾರರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಷಾ ಕೂಡ ಹೀಗೆ ಇಬ್ಬರೂ ಬಳಸುವ ಒಂಟಿ ಕೋಣೆಯನ್ನು ಒಪ್ಪುತ್ತದೆ. ಆದರೆ ಒಂದು ಸಲಕ್ಕೆ ಒಬ್ಬರೇ ಬಳಸುವಂತಿರಬೇಕು, ಒಳಗಿನಿಂದ ಚಿಲಕ ಹಾಕುವಂತಿರಬೇಕು. ಓಷಾ ಎಣಿಸುವುದು ಮಾತ್ರ ನಿಜವಾದ ಕೆಲಸಗಾರರನ್ನು: 15 ಜನರವರೆಗೆ ಒಂದು ಕಮೋಡ್, 35ರವರೆಗೆ ಎರಡು. ಹಲವರು ಒಟ್ಟಿಗೆ ಬಳಸುವ ಟಾಯ್ಲೆಟ್‌ನ ಹೊರಬಾಗಿಲಿಗೆ ಕೋಡ್ ಇದರ ತದ್ವಿರುದ್ಧ ಹೇಳುತ್ತದೆ. ಅಲ್ಲಿ ಒಳಗಿನಿಂದ ಲಾಕ್ ಇರಲೇಬಾರದು.

ನಕ್ಷೆಯಲ್ಲಿ ಎಲ್ಲಿ ಇಡುತ್ತೀರಿ?

ಗಿರಾಕಿಗಳು ಅಡುಗೆಮನೆ ಅಥವಾ ಗೋದಾಮಿನೊಳಗೆ ಹಾದು ಟಾಯ್ಲೆಟ್‌ಗೆ ಹೋಗುವಂತೆ ಇರಬಾರದು. ಸಣ್ಣ ಹೋಟೆಲುಗಳ ನಕ್ಷೆ ವಾಪಸ್ ಬರಲು ಇಷ್ಟು ಸಾಕು. ದಾರಿ 500 ಅಡಿಗಿಂತ ಜಾಸ್ತಿ ಇರಬಾರದು, ಒಂದು ಮಹಡಿಗಿಂತ ಹೆಚ್ಚು ಹತ್ತಿಳಿಯುವಂತೆಯೂ ಇರಬಾರದು.

ಕೊನೆಗೆ ಟೇಪ್ ಹಿಡಿಯಿರಿ. ಅಂಗವಿಕಲರ ಹಕ್ಕಿನ ಕಾನೂನಿನ ಪ್ರಕಾರ ಬಾಗಿಲು ತೆರೆದಾಗ 32 ಇಂಚು ಜಾಗ ಸಿಗಬೇಕು, ಒಳಗೆ ಗಾಲಿಕುರ್ಚಿ ತಿರುಗಲು 60 ಇಂಚಿನ ವೃತ್ತ ಬೇಕು. ಪಕ್ಕದ ಗೋಡೆಯಿಂದ ಕಮೋಡ್‌ನ ನಡುಗೆರೆ 16ರಿಂದ 18 ಇಂಚಿನೊಳಗಿರಬೇಕು. ಇದನ್ನು ಅಳೆಯುವುದು ಟೈಲ್ಸ್ ಹಾಕಿ ಮುಗಿಸಿದ ಗೋಡೆಯಿಂದ. ಪ್ಲಂಬರ್ ಬರೀ ಮರದ ಚೌಕಟ್ಟಿನಿಂದ 16 ಅಳೆದು ಪೈಪ್ ಕೂರಿಸಿದರೆ, ಆಮೇಲೆ ಅದರ ಮೇಲೆ ಹೊಡೆಯುವ ಗೋಡೆ ಹಲಗೆ, ಟೈಲ್ಸ್ ಸೇರಿ ಒಂದು ಇಂಚು ತಿನ್ನುತ್ತವೆ. ಇನ್‌ಸ್ಪೆಕ್ಟರ್ ಅಳೆದಾಗ 15 ಬರುತ್ತದೆ. ಚೌಕಟ್ಟಿನಿಂದ 18 ಇಡಿ ಅಂತ ಮೊದಲೇ ಹೇಳಿಬಿಡಿ, ಮುಗಿದಾಗ 17ರ ಹತ್ತಿರ ಬಂದು ನಿಲ್ಲುತ್ತದೆ.