ಗ್ರೀನ್ ಕಾರ್ಡ್ ಹೊಂದಿದವರು ತಡವಾಗಿ ಅಮೆರಿಕಕ್ಕೆ ಮರಳುವಾಗ

ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಮೆರಿಕದಿಂದ ಹೊರಗಿದ್ದವರು ಗ್ರೀನ್ ಕಾರ್ಡೊಂದನ್ನೇ (ಕಾಯಂ ನಿವಾಸಿಯ ಗುರುತುಪತ್ರ) ನಂಬಿ ವಿಮಾನ ಹತ್ತಬಾರದು. ಹೊರಡುವ ಮೊದಲೇ, ಅಮೆರಿಕದಲ್ಲಿದ್ದಾಗಲೇ, ಐ-131 ಅರ್ಜಿ ಸಲ್ಲಿಸಿ, ಸಾಮಾನ್ಯವಾಗಿ 2 ವರ್ಷಗಳವರೆಗೆ ಊರ್ಜಿತವಾಗಿರುವ ಮರುಪ್ರವೇಶ ಪರವಾನಗಿ ಪಡೆಯುವುದೇ ಸುರಕ್ಷಿತ. ಅದಿಲ್ಲದೆ, ತಂದೆತಾಯಿಯ ಆರೈಕೆಗೆಂದು ಊರಿಗೆ ಬಂದು ತಾವೇ ಹಾಸಿಗೆ ಹಿಡಿದಂತಹ ಕೈಮೀರಿದ ಕಾರಣದಿಂದ ತಡವಾಗಿದ್ದರೆ, ಅಮೆರಿಕದ ದೂತಾವಾಸದಲ್ಲಿ ಡಿಎಸ್-117 ನಮೂನೆಯ ಮೂಲಕ, ಮರಳುವ ಕಾಯಂ ನಿವಾಸಿಗಳಿಗಾಗಿ ಇರುವ ಎಸ್‌ಬಿ-1 ವೀಸಾ ಕೋರಬೇಕು. ಆಸ್ಪತ್ರೆಯ ದಾಖಲೆಗಳ ಜೊತೆಗೆ, ಮರಳುವ ಉದ್ದೇಶವನ್ನು ಎಂದೂ ಬಿಟ್ಟಿರಲಿಲ್ಲವೆಂದು ತೋರಿಸುವ ತೆರಿಗೆ ವಿವರ, ಮನೆ, ಬ್ಯಾಂಕ್ ಖಾತೆಗಳ ಪುರಾವೆಯನ್ನೂ ಒದಗಿಸಬೇಕು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಐ-407 ನಮೂನೆಯನ್ನು ಮುಂದಿಟ್ಟರೆ ದಯವಿಟ್ಟು ಗಾಬರಿಯಿಂದ ಸಹಿ ಹಾಕಬೇಡಿ. ಅದು ಕಾಯಂ ನಿವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ. ಸಹಿ ನಿರಾಕರಿಸಿ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ.