ಹಟ್ಟಿಯೊಳಗೆ ಬಂದ ಬ್ರುಸೆಲ್ಲೋಸಿಸ್: ನನ್ನ ಅನುಭವ

ಬ್ರುಸೆಲ್ಲೋಸಿಸ್ ಎಂದರೆ ದನಗಳು ಕಂದು ಹಾಕುವಂತೆ (ಗರ್ಭಪಾತವಾಗುವಂತೆ) ಮಾಡುವ, ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ. ಕಾರ್ಕಳದ ಬಳಿ ನಮ್ಮದು ಆರು ದನಗಳ ಹಟ್ಟಿ. ಘಟ್ಟದ ಮೇಲಿನಿಂದ ತಂದ ಗಬ್ಬದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ದನವೊಂದು ಏಪ್ರಿಲ್‌ನಲ್ಲಿ, ಏಳು ತಿಂಗಳು ತುಂಬುವಾಗ, ಕಂದು ಹಾಕಿತು. ಪಿಕಪ್‌ನಲ್ಲಿ ಬಂದ ಆಯಾಸವೇ ಕಾರಣವೆಂದು ನಾವೇ ತೀರ್ಮಾನಿಸಿಕೊಂಡೆವು. ಎರಡು ದಿನವಾದರೂ ಮಾಸು (ಕರುವಿನ ಹಿಂದೆ ಬೀಳುವ ಪೊರೆ) ಬೀಳದಿದ್ದಾಗ ನಾನೇ ಬರಿಗೈಯಲ್ಲಿ ಎಳೆದು ತೆಗೆದೆ. ಅದು ಎಂದಿನಂತೆ ತೆಳುವಾಗಿರದೆ ಹದಮಾಡಿದ ತೊಗಲಿನಂತೆ ದಪ್ಪವಾಗಿತ್ತು. ಹಿರಿಯರು ಮಾಡುತ್ತಿದ್ದಂತೆ ಗೋಣಿಯಲ್ಲಿ ಕಟ್ಟಿ ಹಲಸಿನ ಮರಕ್ಕೆ ತೂಗುಹಾಕಿದೆ. ಮರುದಿನ ನಾಯಿಗಳು ಅದನ್ನು ಕೆಡವಿ ಅಂಗಳವೆಲ್ಲ ಎಳೆದಾಡಿದ್ದವು.

ಜೂನ್‌ನಲ್ಲಿ ನನಗೆ ಜ್ವರ ಹಿಡಿಯಿತು. ಸಂಜೆಗೆ ಏರಿ, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರಿ, ಬೆಳಗ್ಗೆ ಇಳಿಯುತ್ತಿತ್ತು, ಸೊಂಟ ಹಿಡಿದುಕೊಂಡಂತಿತ್ತು. ಮಳೆಗಾಲದ ಜ್ವರವೆಂದರೆ ನಮ್ಮಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ. ಮೂರೂ ಅಲ್ಲವೆಂದು ವರದಿ ಬಂತು. ದನದ ವಿಷಯವನ್ನು ವೈದ್ಯರಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮನೆಯಲ್ಲೇ ಹುಟ್ಟಿ ಬೆಳೆದ ಇನ್ನೊಂದು ದನವೂ ಕಂದು ಹಾಕಿದಾಗ ಪಶುವೈದ್ಯರನ್ನು ಕರೆದೆ. ಅವರು ಆರೂ ದನಗಳ ರಕ್ತ ತೆಗೆದು, ಬ್ರುಸೆಲ್ಲೋಸಿಸ್ ಇದೆಯೇ ಎಂದು ನೋಡುವ ರೋಸ್ ಬೆಂಗಾಲ್ ಪರೀಕ್ಷೆಯನ್ನು ನನ್ನೆದುರಲ್ಲೇ ಮಾಡಿ ತೋರಿಸಿದರು. ಬಿಳಿ ಫಲಕದ ಮೇಲೆ ಒಂದು ಹನಿ ಸೀರಮ್ (ರಕ್ತದ ತಿಳಿಭಾಗ), ಅದಕ್ಕೊಂದು ಹನಿ ಗುಲಾಬಿ ದ್ರಾವಣ. ಕಲಸಿ ಅಲ್ಲಾಡಿಸುತ್ತಿದ್ದಂತೆ ನಾಲ್ಕು ನಿಮಿಷದೊಳಗೆ ಎರಡು ಹನಿಗಳು ಒಡೆದ ಹಾಲಿನಂತೆ ಗರಣೆಗಟ್ಟಿದವು, ನಾಲ್ಕು ನುಣ್ಣಗೆ ಉಳಿದವು. ಗರಣೆಗಟ್ಟಿದರೆ ಸೋಂಕಿದೆ ಎಂದರ್ಥ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?" ನನಗೂ ಬ್ರುಸೆಲ್ಲೋಸಿಸ್ ಇರುವುದು ಪತ್ತೆಯಾದದ್ದು ಹೀಗೆ. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಮಾತ್ರೆಗಳನ್ನು ಆರು ವಾರ ತಪ್ಪದೆ ನುಂಗಿದೆ.

ಗಬ್ಬದ ದನದ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತುವಿದ್ದು, ಈ ಬ್ಯಾಕ್ಟೀರಿಯಾ ಅದನ್ನುಂಡು ಬೆಳೆಯುತ್ತದೆಯೆಂದೂ, ಆದ್ದರಿಂದ ಕಂದು, ಮಾಸು ಮತ್ತು ಸೋರುವ ದ್ರವದಲ್ಲೇ ರೋಗಾಣು ಅತಿ ಹೆಚ್ಚೆಂದೂ ಪಶುವೈದ್ಯರು ವಿವರಿಸಿದರು. ತೇವ ಮತ್ತು ನೆರಳಿದ್ದಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಸೊಪ್ಪು ಹಾಸಿದ ನಮ್ಮ ಹಟ್ಟಿಗಿಂತ ಅನುಕೂಲದ ಜಾಗ ಬೇರೆ ಬೇಕೇ? ಹಾಸಿದ ಸೊಪ್ಪನ್ನೆಲ್ಲ ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂತೆವು. ನೆಲವನ್ನು ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹಾಕಿದೆವು.

ಸೋಂಕು ಹೊಸದಾಗಿದ್ದರೆ ರಕ್ತದಲ್ಲಿ ಕಾಣದಿರಬಹುದು ಎಂಬ ಕಾರಣಕ್ಕೆ ಎರಡು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ, ಮೊದಲು ನುಣ್ಣಗಿದ್ದ ಕಡಸಿನ ಹನಿಯೂ ಗರಣೆಗಟ್ಟಿತು. ದನಗಳಿಗೆ ಇದಕ್ಕೆ ಚಿಕಿತ್ಸೆ ಕೊಡುವ ರೂಢಿಯಿಲ್ಲ. ಮೂರನ್ನೂ ಮಾರಿಬಿಡುವಂತೆ ಹಲವರು ಹೇಳಿದರು. ಅದು ರೋಗವನ್ನೇ ಇನ್ನೊಬ್ಬರ ಹಟ್ಟಿಗೆ ಕಟ್ಟಿ ಬಂದಂತೆ ಎಂದು ನನಗನ್ನಿಸಿತು. ಅವುಗಳಿಗೆ ತೋಟದಾಚೆ ಬೇರೆ ಕೊಟ್ಟಿಗೆ ಕಟ್ಟಿಸಿದೆ, ಮತ್ತೆ ಗಬ್ಬ ಕಟ್ಟಿಸಲಿಲ್ಲ, ಅವುಗಳ ಹಾಲನ್ನು ಸೊಸೈಟಿಗೆ ಕೊಡಲಿಲ್ಲ. ಮೇವಿನ ಖರ್ಚು ನಿಲ್ಲಲಿಲ್ಲ, ಆದಾಯ ಅರ್ಧಕ್ಕಿಳಿಯಿತು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕುತ್ತಾರೆ. ಆ ವಯಸ್ಸು ದಾಟದಂತೆ ಕರು ಹುಟ್ಟಿದ ದಿನವನ್ನು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ. ಹೊಸ ದನವನ್ನು ಕೊಳ್ಳುವ ಮೊದಲು ಒಮ್ಮೆ, ತಂದು ಬೇರೆ ಕಟ್ಟಿ ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಈ ಮಾತು ಕೇಳಿ ವ್ಯಾಪಾರ ಮುರಿದು ಹೋದ ದಲ್ಲಾಳಿಗಳೂ ಇದ್ದಾರೆ.